ಚಿತ್ರ ಗೊತ್ತಿಲ್ಲದ ಕೌದಿಗೆ ಬಟ್ಟೆ, ಸಾಮಾನು ಹೊಂದಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನೋಡಿ ತುಂಬ ಖುಷಿಯಾಯಿತು. ಕಾರವಾರದಲ್ಲಿ ನೀವು ಆರು ಜನ ಗೆಳತಿಯರು ಸೇರಿ ಮಿಸ್ಟರಿ ಕ್ವಿಲ್ಟ್ ಹೊಲಿಯಲು ಹೊರಟಿದ್ದೀರಿ. ಪೂರ್ತಿ ವಿನ್ಯಾಸ ಏನು ಅಂತ ನಿಮಗೆ ಯಾರಿಗೂ ಗೊತ್ತಿಲ್ಲ, ಹೊಲಿಯುವ ಸೂಚನೆ ಹದಿನೈದು ದಿನಕ್ಕೊಂದು ಕಂತಾಗಿ ಬರುತ್ತದೆ. ಈಗ ಕೈಗೆ ಸಿಕ್ಕಿರುವುದು ‘ಎ ತಿಳಿ, ಬಿ ನಡು, ಸಿ ಗಾಢ’ ಎನ್ನುವ ಪಟ್ಟಿ, ಯಾರ್ಡ್ ಲೆಕ್ಕ ಅಷ್ಟೇ. ಬಟ್ಟೆ ಹೇಗೆ ಆರಿಸಲಿ, ಏನೇನು ಸಾಮಾನು ಬೇಕು, ಮನೆಯಲ್ಲಿರುವ ಹಳೆ ಸೀರೆ ಆಗುತ್ತದಾ ಎಂದು ಕೇಳಿದ್ದೀರಿ. ನಾನು ಶಿರಸಿಯವಳು, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಇಂಥ ಗುಂಪಿನಲ್ಲಿ ಎರಡು ಸಲ ಹೊಲಿದಿದ್ದೇನೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿ, ನೋಡಿದ್ದೀರಲ್ವಾ? ಅವರೂ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಹಳೆ ಸೀರೆ ಹಾಸಿ ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಗುಂಟ ತುಂಡು ಇಟ್ಟು ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಆದರೆ ಪ್ರತಿ ತುಂಡು ಇಡುವಾಗಲೂ ಅದರ ಪಕ್ಕದ್ದು ಕಣ್ಣೆದುರೇ ಇರುತ್ತದೆ. ಹೊಂದದಿದ್ದರೆ ಬೇರೆ ತುಂಡು ತೆಗೆದುಕೊಂಡರಾಯಿತು. ನಿಮಗೆ ಆ ಅನುಕೂಲ ಇಲ್ಲ. ಯಾವುದರ ಪಕ್ಕ ಯಾವುದು ಬರುತ್ತದೆ ಎಂದು ತಿಳಿಯುವ ಹೊತ್ತಿಗೆ ಎಲ್ಲ ಕತ್ತರಿಸಿ ಆಗಿರುತ್ತದೆ. ಅದಕ್ಕೇ ಈಗ ಮಾಡುವ ತಯಾರಿಯೇ ಅರ್ಧ ಕೌದಿ.

ಎಲ್ಲಕ್ಕಿಂತ ಮುಖ್ಯ ತಿಳಿ ಮತ್ತು ಗಾಢದ ವ್ಯತ್ಯಾಸ. ಬಣ್ಣ ಆಮೇಲೆ. ನನ್ನ ಮೊದಲ ಕೌದಿಗೆ ಗಿಳಿಹಸಿರು ಮತ್ತು ಕಿತ್ತಳೆ ಆರಿಸಿದ್ದೆ. ಅಂಗಡಿಯಲ್ಲಿ ಒಂದಕ್ಕೊಂದು ಎದ್ದು ಕಾಣುತ್ತಿತ್ತು. ಕೊನೆಯ ಕಂತಿನಲ್ಲಿ ಗೊತ್ತಾಯಿತು, ಅದು ನಕ್ಷತ್ರದ ವಿನ್ಯಾಸ. ಕೈಯಲ್ಲಿ ಹಿಡಿದರೆ ನಕ್ಷತ್ರ ಕಾಣುತ್ತಿತ್ತು, ಬಾಗಿಲ ಹತ್ತಿರ ನಿಂತು ನೋಡಿದರೆ ಎಲ್ಲ ಕಲಸಿಹೋಗಿತ್ತು. ಎರಡೂ ಬಣ್ಣದ ಗಾಢತೆ ಒಂದೇ ಆಗಿತ್ತು. ಮೂರು ತಿಂಗಳ ಕೆಲಸ ಅದು, ಅವತ್ತು ಬಹಳ ಬೇಜಾರಾಯಿತು. ಈಗ ಬಟ್ಟೆಗಳನ್ನೆಲ್ಲ ಸಾಲಾಗಿ ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡುತ್ತೇನೆ. ಎ, ಬಿ, ಸಿ ಮೂರೂ ಬೇರೆ ಬೇರೆ ಬೂದು ಬಣ್ಣವಾಗಿ ಕಂಡರೆ ಸರಿ. ಎರಡು ಒಂದೇ ತರ ಕಂಡರೆ ಒಂದನ್ನು ಬದಲಾಯಿಸಿ, ಎಷ್ಟೇ ಚಂದ ಇದ್ದರೂ. ಅಂಗಡಿಯಲ್ಲೇ ಈ ಫೋಟೋ ತೆಗೆಯಿರಿ, ಮನೆಗೆ ಬಂದಮೇಲೆ ಅಲ್ಲ.

ದೊಡ್ಡ ದೊಡ್ಡ ಹೂವಿನ ಪ್ರಿಂಟ್ ಬೇಡ. ಎರಡು ಇಂಚಿನ ತುಂಡು ಮಾಡಿದಾಗ ಒಂದರಲ್ಲಿ ಬರೀ ಎಲೆ, ಇನ್ನೊಂದರಲ್ಲಿ ಬರೀ ಹಿನ್ನೆಲೆಯ ಬಣ್ಣ ಬರುತ್ತದೆ. ಪಟ್ಟೆ, ಚೌಕಳಿಯೂ ಬೇಡ, ಯಾವ ದಿಕ್ಕಿಗೆ ಕತ್ತರಿಸಬೇಕು ಎಂದು ಗೊತ್ತಿಲ್ಲವಲ್ಲ. ಸಣ್ಣ ಚುಕ್ಕಿ, ಸಣ್ಣ ಬಳ್ಳಿ ಇದ್ದರೆ ಒಳ್ಳೆಯದು.

ಅಳತೆಯಲ್ಲಿ ಒಂದು ತೊಡಕಿದೆ. ಯಾರ್ಡ್ ಲೆಕ್ಕದ ಸೂಚನೆಗಳು ಸಾಮಾನ್ಯವಾಗಿ 42 ರಿಂದ 44 ಇಂಚು ಪನ್ನದ (ಅಗಲದ) ಬಟ್ಟೆ ಎಂದು ಹಿಡಿದು ಬರೆದಿರುತ್ತವೆ. ನಮ್ಮ ಅಂಗಡಿಗಳಲ್ಲಿ 36 ಇಂಚು ಪನ್ನದ್ದೂ ಇರುತ್ತದೆ. 1 ಯಾರ್ಡ್ ಅಂದರೆ 36 ಇಂಚು ಉದ್ದ. ಪನ್ನ 36 ಇಂಚೇ ಇದ್ದರೆ ಅದಕ್ಕೆ ಬದಲು 42 ಇಂಚು ಉದ್ದ ಬೇಕು, ಅಂದರೆ ಸುಮಾರು 107 ಸೆಂ.ಮೀ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುವುದೂ ಇದೆ. ಹಾಗಾಗಿ ಇಂಥ ಬಟ್ಟೆಯಾದರೆ ಒಂದು ಯಾರ್ಡಿಗೆ ಒಂದೂಕಾಲು ಮೀಟರಿನಂತೆ ತನ್ನಿ. ನಡುವೆ ಕಡಿಮೆ ಬಿದ್ದರೆ ಅದೇ ಬಣ್ಣದ ತಾನು ಮತ್ತೆ ಸಿಗುತ್ತದೆ ಎನ್ನುವ ನಂಬಿಕೆ ಇಲ್ಲ. ಕಟ್ ಪೀಸ್ ತರುವುದಾದರೆ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ತಂದ ಬಟ್ಟೆಯನ್ನೆಲ್ಲ ಒಗೆಯಲೇಬೇಕು. ಕೆಂಪು, ಕಡುನೀಲಿ, ಮರೂನ್ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬೇರೆಯೇ ಒಗೆಯಿರಿ, ನೀರು ತಿಳಿಯಾಗುವ ತನಕ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ಅದನ್ನೇ ನಂಬಿ ಕೂರಬೇಡಿ. ಮೂರ್ನಾಲ್ಕು ಒಗೆತ ಆದರೂ ಬಿಡುತ್ತಿದ್ದರೆ ಆ ಬಟ್ಟೆ ಕೌದಿಗೆ ಬೇಡ, ಬೇರೆ ಏನಾದರೂ ಹೊಲಿದುಕೊಳ್ಳಿ. ಬಿಳಿಯ ಪಕ್ಕ ಕೂತ ಮರೂನ್ ಒಂದೇ ಒಗೆತದಲ್ಲಿ ಎಲ್ಲ ಹಾಳುಮಾಡುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ನಿಮ್ಮಲ್ಲೂ ನಮ್ಮಲ್ಲೂ ಬಟ್ಟೆ ಸರಿಯಾಗಿ ಒಣಗುವುದೇ ಇಲ್ಲ. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಅದರಲ್ಲಿ ಹೊಗೆ ವಾಸನೆ ಹಿಡಿಯುತ್ತದೆ. ಆದ್ದರಿಂದ ಒಗೆಯುವ ಕೆಲಸ ಬಿಸಿಲಿರುವಾಗಲೇ ಮುಗಿಸಿಕೊಳ್ಳಿ. ಬಟ್ಟೆಗೆ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕತ್ತರಿಸುವಾಗ ಜಾರುವುದಿಲ್ಲ, ಓರೆಯಾಗಿ ಕತ್ತರಿಸಿದ ತುಂಡೂ ಎಳೆದುಕೊಳ್ಳುವುದಿಲ್ಲ. ಆದರೆ ಗಂಜಿ ಹಾಕಿ ಎತ್ತಿಡಬೇಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಆಯಾ ಕಂತಿಗೆ ಬೇಕಾದಷ್ಟಕ್ಕೆ ಮಾತ್ರ, ಕತ್ತರಿಸುವ ಹಿಂದಿನ ದಿನ ಹಾಕಿ.

ಸಾಮಾನು ತುಂಬ ಬೇಡ. 45 ಮಿ.ಮೀ. ರೋಟರಿ ಕಟರ್ (ಉರುಳುವ ದುಂಡು ಬ್ಲೇಡಿನ ಕತ್ತರಿ), ಕತ್ತರಿಸುವಾಗ ಕೆಳಗೆ ಹಾಸುವ ಅದರ ಮ್ಯಾಟ್, 24 ಇಂಚಿನ ಪಾರದರ್ಶಕ ಸ್ಕೇಲ್ ಇದ್ದರೆ ಕೆಲಸ ಬೇಗ ಆಗುತ್ತದೆ. ಆರು ಜನ ಸೇರಿ ಒಂದೇ ಸೆಟ್ ಕೊಂಡರೂ ಸಾಕು. ಬ್ಲೇಡ್, ಗುಂಡುಪಿನ್ನು ನಿಮ್ಮ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ಮಷಿನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಮತ್ತೆ ಬಳಸುವ ಮುಂಚೆ ಚೆನ್ನಾಗಿ ಒರೆಸಿ. ಮಷಿನ್‌ಗೆ ಹೊಸ ಸೂಜಿ ಹಾಕಿ. ಹೊಲಿಗೆ ಬಿಚ್ಚುವ ಕೊಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಇರಲಿ.

ಹೊಲಿಗೆಯ ಅಂಚು, ಅಂದರೆ ಹೊಲಿಗೆಯಿಂದ ಬಟ್ಟೆಯ ತುದಿಯವರೆಗೆ ಬಿಡುವ ಜಾಗ, ಕಾಲಿಂಚು ಎಂದು ಕೊಟ್ಟಿದ್ದರೆ ಕಾಲಿಂಚೇ ಬರಬೇಕು. ನನ್ನದು ಹಳೆ ಕಪ್ಪು ಉಷಾ ಮಷಿನ್. ಸ್ಕೇಲನ್ನು ಬಟ್ಟೆ ಒತ್ತಿ ಹಿಡಿಯುವ ಫೂಟಿನ ಕೆಳಗಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸೂಜಿಯ ತುದಿ ಕಾಲಿಂಚಿನ ಗೆರೆಗೆ ಮುಟ್ಟುವ ಹಾಗೆ ಇಳಿಸುತ್ತೇನೆ. ಸ್ಕೇಲಿನ ಬಲ ಅಂಚು ಎಲ್ಲಿದೆಯೋ ಅಲ್ಲಿ ಮಷಿನ್ ಮೇಲೆ ಮಾಸ್ಕಿಂಗ್ ಟೇಪನ್ನು ಐದಾರು ಪದರ ಅಂಟಿಸುತ್ತೇನೆ. ಬಟ್ಟೆ ಆ ಗೋಡೆಗೆ ತಾಗಿಕೊಂಡೇ ಹೋಗುತ್ತದೆ. ಸರಿ ಬಂತಾ ನೋಡಲು ಒಂದೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಒಂದು ಹೊಲಿಗೆಯ ಅಂಚು 1 ಮಿ.ಮೀ. ಹೆಚ್ಚಾದರೆ ಎರಡು ಕಡೆ ಸೇರಿ 2 ಮಿ.ಮೀ. ಹೋಗುತ್ತದೆ. ಸಾಲಿನಲ್ಲಿ 12 ತುಂಡಿದ್ದರೆ 11 ಹೊಲಿಗೆ, ಅಲ್ಲಿಗೆ 22 ಮಿ.ಮೀ. ಕಡಿಮೆ. ನೀವು ಆರು ಜನರೂ ನಿಮ್ಮ ನಿಮ್ಮ ಮೂರು ಪಟ್ಟಿ ತಂದು ಒಂದರ ಮೇಲೊಂದು ಇಟ್ಟು ನೋಡಿ. ಒಬ್ಬೊಬ್ಬರ ಬ್ಲಾಕ್ (ತುಂಡು ಜೋಡಿಸಿ ಹೊಲಿದ ಚೌಕ) ಬದಲಾಯಿಸಿಕೊಳ್ಳುವ ಯೋಚನೆ ಇದ್ದರಂತೂ ಇದನ್ನು ಬಿಡಲೇಬೇಡಿ.

ಒಂದು ರಟ್ಟಿನ ಮೇಲೆ ಪ್ರತಿ ಬಟ್ಟೆಯ ಸಣ್ಣ ಚೂರು ಅಂಟಿಸಿ ಪಕ್ಕದಲ್ಲಿ ಎ, ಬಿ, ಸಿ ಬರೆಯಿರಿ. ಮಷಿನ್ ಎದುರಿನ ಗೋಡೆಗೆ ಹಚ್ಚಿ. ಎರಡನೇ ಕಂತಿಗೆ ಯಾವುದು ಬಿ ಯಾವುದು ಸಿ ಅಂತ ಖಂಡಿತ ಮರೆಯುತ್ತದೆ. ಕತ್ತರಿಸಿದ ತುಂಡುಗಳನ್ನು ಜಿಪ್ ಕವರಿನಲ್ಲಿ ಹಾಕಿ ಕಂತಿನ ಸಂಖ್ಯೆ, ಅಳತೆ ಬರೆದಿಡಿ. ಮುಂದಿನ ಕಂತಿಗೆ ಇರಬಹುದು ಎಂದು ಸುಮ್ನೆ ಮುಂಚೆಯೇ ಕತ್ತರಿಸಬೇಡಿ. ಉಳಿದ ಬಟ್ಟೆ ದೊಡ್ಡ ತುಂಡಾಗಿಯೇ ಇರಲಿ.

ಹಳೆ ಸೀರೆ ವಿಷಯ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯನ್ನು ಮೇಲ್ಭಾಗಕ್ಕೆ ಹಾಕಬೇಡಿ. ಹೊಸ ಬಟ್ಟೆಯ ಪಕ್ಕ ಹೊಲಿದರೆ ಹೊಲಿಗೆಯ ಹತ್ತಿರವೇ ಪಿಸಿಯುತ್ತದೆ. ಹಿಂಭಾಗಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಳಕಿಗೆ ಹಿಡಿದು ನೋಡಿ, ಎಳೆ ಬಿಟ್ಟ ಜಾಗ ಇದ್ದರೆ ಅದನ್ನು ಬಿಟ್ಟು ಗಟ್ಟಿ ಇರುವಷ್ಟನ್ನೇ ತೆಗೆದುಕೊಳ್ಳಿ. ನನ್ನ ಎರಡನೇ ಕೌದಿಯ ಹಿಂದೆ ಅಜ್ಜಿಯ ನೀಲಿ ಸೀರೆ ಇದೆ. ಚಳಿಗಾಲದಲ್ಲಿ ಹೊದೆಯುವಾಗ ಆ ಬದಿಯೇ ಮೈಗೆ ತಾಗುವ ಹಾಗೆ ಹೊದೆಯುತ್ತೇವೆ.