ಅಟ್ಲಾಂಟಿಕ್ ಗುಲಾಮರ ವ್ಯಾಪಾರಕ್ಕೂ ನಮಗೂ ಏನು ಸಂಬಂಧ?

ಪ್ರಶ್ನೆ: ನಾನು ಯಲ್ಲಾಪುರ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಯುರೋಪಿನವರು ಆಫ್ರಿಕಾದ ಜನರನ್ನು ಅಟ್ಲಾಂಟಿಕ್ ಸಾಗರ ದಾಟಿಸಿ ಅಮೆರಿಕ ಖಂಡಗಳಲ್ಲಿ ಮಾರುತ್ತಿದ್ದ ಗುಲಾಮರ ವ್ಯಾಪಾರದ ಪಾಠ ಮಾಡುವಾಗ ಸಿದ್ದಿ ಹುಡುಗನೊಬ್ಬ ‘ನಮ್ಮ ಹಿರಿಯರೂ ಅದೇ ಹಡಗಿನಲ್ಲಿ ಬಂದವರಾ?’ ಅಂತ ಕೇಳಿದ. ಪಕ್ಕದ ಹುಡುಗಿ ‘ಅದು ಆಫ್ರಿಕಾ, ಅಮೆರಿಕದ ಕಥೆ, ನಮಗೇನು?’ ಎಂದಳು. ಇಬ್ಬರಿಗೂ ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗನಿಗೆ. ಅವನ ಹಿರಿಯರು ಬಂದದ್ದು ಬೇರೆ ದಾರಿಯಲ್ಲಿ. ಪೂರ್ವ ಆಫ್ರಿಕಾದಿಂದ ಅರಬ್ಬೀ ಸಮುದ್ರ ದಾಟಿ, ಹೆಚ್ಚಿನವರು ಪೋರ್ಚುಗೀಸರ ಗೋವಾ ಮೂಲಕ ಬಂದರು. ಎಷ್ಟೋ ಜನ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇದನ್ನು ಅವನಿಗೆ ಖಂಡಿತ ಹೇಳಿ. ತಪ್ಪಿಸಿಕೊಂಡು ಬದುಕಿದವರ ಕುಡಿ ಅನ್ನೋದು ಸಣ್ಣ ಮಾತಲ್ಲ.

ಇನ್ನು ಆ ಹುಡುಗಿಗೆ. ತರಗತಿಗೆ ಒಂದು ಹಿಡಿ ಕವಡೆ ತೆಗೆದುಕೊಂಡು ಹೋಗಿ. ಚೌಕಾಬಾರ ಆಡುವ ಕವಡೆಯೇ ಸಾಕು. ಮಾಲ್ಡೀವ್ಸ್ ಕಡಲಿನ ಇಂಥ ಕವಡೆಗಳನ್ನು ಡಚ್ಚರು, ಇಂಗ್ಲಿಷರು ಬಂಗಾಳದಿಂದ, ಸಿಲೋನಿನಿಂದ ಹಡಗಿನ ತಳಕ್ಕೆ ಸುರಿದುಕೊಂಡು ಯುರೋಪಿಗೆ ಒಯ್ಯುತ್ತಿದ್ದರು. ಅಲ್ಲಿಂದ ಅವು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದವು. ಇಂದಿನ ಬೆನಿನ್ ದೇಶದ ವಿಡಾ ಬಂದರಿನಲ್ಲಿ ಕವಡೆಯೇ ದುಡ್ಡು. 40 ಪೋಣಿಸಿದರೆ ಒಂದು ಸರ. 18ನೇ ಶತಮಾನದ ಕೊನೆಯ ಹೊತ್ತಿಗೆ ಒಬ್ಬ ಮನುಷ್ಯನ ಬೆಲೆ ಲಕ್ಷ ಕವಡೆ ದಾಟಿತ್ತು. ‘ಕವಡೆ ಕಾಸಿನ ಬೆಲೆಯಿಲ್ಲ’ ಅಂತ ನಾವು ಸುಮ್ನೆ ಅಂದುಬಿಡುತ್ತೇವೆ, ಅಲ್ವಾ? ಅಲ್ಲಿ ಕವಡೆ ಎಣಿಸಿಯೇ ಜನರನ್ನು ಕೊಂಡರು. ಗುಜರಾತ್ ಮತ್ತು ಕೋರಮಂಡಲ ಕರಾವಳಿಯ ಹತ್ತಿ ಬಟ್ಟೆಗೂ ಅಲ್ಲಿ ಅಷ್ಟೇ ಬೇಡಿಕೆ ಇತ್ತು.

ಹೀಗೆ ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಹಡಗು ಹತ್ತಿಸಿದರು. ಅವರಲ್ಲಿ ಹತ್ತಿರ ಹತ್ತಿರ 18 ಲಕ್ಷ ಜನ ನಡುಕಡಲಲ್ಲೇ ಸತ್ತರು. ಹಡಗು ಹತ್ತಿದವರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು, ಅದೂ ಹೆಚ್ಚಿನವರು ದುಡಿಯುವ ವಯಸ್ಸಿನವರು. ಊರಿನಲ್ಲಿ ಉಳಿದ ಹೆಂಗಸರ ತಲೆಗೆ ಎಲ್ಲ ಕೆಲಸ ಬಿತ್ತು. ಇದಕ್ಕಿಂತ ಜಾಸ್ತಿ ನೋವಿನ ಸಂಗತಿ ಇನ್ನೊಂದಿದೆ. ವ್ಯಾಪಾರಿಗಳಿಗೆ ಜನರನ್ನು ಹಿಡಿದುಕೊಟ್ಟರೆ ಬಂದೂಕು ಸಿಗುತ್ತಿತ್ತು, ಬಂದೂಕಿದ್ದರೆ ಇನ್ನಷ್ಟು ಜನರನ್ನು ಹಿಡಿಯಬಹುದಿತ್ತು. ನೆರೆಯೂರಿನವರನ್ನೇ ನಂಬಲಾಗದ ಸ್ಥಿತಿ ಬಂತು. ಯಾವ ಭಾಗದಿಂದ ಹೆಚ್ಚು ಜನರನ್ನು ಹೊತ್ತೊಯ್ದರೋ ಆ ದೇಶಗಳೇ ಇವತ್ತು ಹೆಚ್ಚು ಬಡವಾಗಿವೆ ಎಂದು ಅರ್ಥಶಾಸ್ತ್ರಜ್ಞ ನೇಥನ್ ನನ್ 2008ರಲ್ಲಿ ತೋರಿಸಿದರು.

ಗುಲಾಮರು ಎಂದರೆ ಮಕ್ಕಳಿಗೆ ನೆನಪಾಗುವುದು ಅಮೆರಿಕ ಸಂಯುಕ್ತ ಸಂಸ್ಥಾನ. ನಿಜವಾಗಿ ಅಲ್ಲಿಗೆ ನೇರವಾಗಿ ಬಂದವರು ಸುಮಾರು 3.9 ಲಕ್ಷ. ಬ್ರೆಜಿಲ್‌ಗೆ ಬಂದವರು 48 ಲಕ್ಷ! ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳೂ ಲಕ್ಷಗಟ್ಟಲೆ ಜನರನ್ನು ನುಂಗಿದವು. ಅಲ್ಲಿ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯಲ್ಲಿ 1791ರಲ್ಲಿ ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ, ತೋಟದ ಮಾಲೀಕರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರೂ, ಆ ಸಾಲದ ಬಾಲ ಹರಿದದ್ದು 1947ರಲ್ಲಿ. ಹೈಟಿಯ ಬಡತನದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಬ್ರಿಟನ್ ಕೂಡ ಪರಿಹಾರ ಕೊಟ್ಟದ್ದು ಒಡೆಯರಿಗೇ. ಗುಲಾಮಗಿರಿ ರದ್ದು ಮಾಡಿದ 1833ರ ಕಾನೂನಿನಡಿ ಅವರಿಗೆ 2 ಕೋಟಿ ಪೌಂಡ್ ಸಿಕ್ಕಿತು. ಗುಲಾಮರಾಗಿ ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕೆ ಮಾಡಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಬಿಡುಗಡೆಯಾದವರು ತೋಟ ಬಿಟ್ಟು ನಡೆದಾಗ ಆ ಕೆಲಸಕ್ಕೆ ಕರಾರಿನ ಮೇಲೆ ನಮ್ಮ ದೇಶದ ಕೂಲಿಗಳನ್ನು ಒಯ್ದರು. ಮಾರಿಷಸ್‌ಗೆ 1834ರಿಂದ, ಗಯಾನಾಕ್ಕೆ 1838ರಿಂದ.

ಕೊನೆಗೆ ಆ ಹುಡುಗಿಗೆ ಅವಳ ಜಿಲ್ಲೆಯ ನಕ್ಷೆಯನ್ನೇ ತೋರಿಸಿ. ಇಂಗ್ಲೆಂಡಿನ ಲ್ಯಾಂಕಾಶೈರ್ ಬಟ್ಟೆ ಗಿರಣಿಗಳು ನಡೆಯುತ್ತಿದ್ದದ್ದು ಅಮೆರಿಕದ ಗುಲಾಮರು ಬಿಡಿಸಿದ ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕೆಂಬ ಒತ್ತಡ ಜೋರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು.