ಮೂನ್‌ಸ್ಟೋನ್: ಓದುವವರೂ ಕೇಳುವವರೂ ಒಂದೇ ಕಡೆ ನಿಲ್ಲಬೇಕು

ಮಡಿಕೇರಿಯ ಬಳಗದವರ ಪ್ರಶ್ನೆಗೆ ಉತ್ತರ. ಈ ಮಳೆಗಾಲಕ್ಕೆ ‘ದಿ ಮೂನ್‌ಸ್ಟೋನ್’ ಎಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಹಿಡಿದಿದ್ದೀರಿ, ಅರ್ಧ ಜನ ಪುಸ್ತಕ ಓದುತ್ತಾರೆ, ಉಳಿದವರು ತೋಟದ ಕೆಲಸದ ನಡುವೆ ಆಡಿಯೋ ಕೇಳುತ್ತಾರೆ. ಯಾರೋ ಮುಂದೆ ಓಡಿ ಗುಟ್ಟು ಬಿಟ್ಟುಕೊಡದಂತೆ ನಡೆಸುವುದು ಹೇಗೆ ಎಂದು ಕೇಳಿದ್ದೀರಿ.

ಆಯ್ಕೆ ಒಳ್ಳೆಯದೇ. ವಿಲ್ಕಿ ಕಾಲಿನ್ಸ್ ಇದನ್ನು 1868ರಲ್ಲಿ ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದದ್ದು, ಕಂತುಗಳಲ್ಲಿ ಓದಿದರೇ ಮಜಾ. ಶುರುವಾಗುವುದು 1799ರ ಶ್ರೀರಂಗಪಟ್ಟಣದಲ್ಲಿ, ಹಾಗಾಗಿ ಮೊದಲ ಪುಟಗಳಿಗೆ ನಮ್ಮ ಕಡೆ ಬೇರೆ ವಿವರಣೆ ಬೇಕಿಲ್ಲ.

ಎಡವಟ್ಟಾಗುವುದು ಅಧ್ಯಾಯದ ಸಂಖ್ಯೆಯಲ್ಲಿ. ಕಥೆ ಹೇಳುವ ಪಾತ್ರ ಬದಲಾದಾಗಲೆಲ್ಲ ಎಣಿಕೆ ಮತ್ತೆ ಒಂದರಿಂದ. ಬೆಟರೆಜ್‌ಗೆ 23 ಅಧ್ಯಾಯ, ಕ್ಲಾಕ್‌ಗೆ 8, ಬ್ರಫ್‌ಗೆ 3, ಬ್ಲೇಕ್‌ಗೆ 10. ‘ಮೂರನೇ ಅಧ್ಯಾಯದವರೆಗೆ’ ಎಂದು ವಾಟ್ಸಾಪ್‌ನಲ್ಲಿ ಹಾಕಿದರೆ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲುತ್ತಾರೆ. ಆಡಿಯೋದ ಟ್ರ್ಯಾಕ್ ನಂಬರ್ ನಂಬಲೇಬೇಡಿ, ಪೀಠಿಕೆಯೂ ಅದರಲ್ಲಿ ಎಣಿಕೆಗೆ ಸೇರಿರುತ್ತದೆ. ‘ಬೆಟರೆಜ್ 11’ ಎಂದು ಹೆಸರು ಸಮೇತ ಬರೆಯಿರಿ.

ಪುಟ ಎಣಿಸಿ ಸಮನಾಗಿ ಪಾಲು ಮಾಡಬೇಡಿ, ಕಥೆ ತಿರುಗುವಲ್ಲಿ ನಿಲ್ಲಿಸಿ. ಮೊದಲ ಸಭೆಗೆ ಬೆಟರೆಜ್ 11ರವರೆಗೆ, ಅಲ್ಲಿಗೆ ಮೂನ್‌ಸ್ಟೋನ್ ಎಂಬ ವಜ್ರ ಕಳುವಾಗಿರುತ್ತದೆ. ಎರಡನೆಯದಕ್ಕೆ 23ರವರೆಗೆ. ಮೂರನೆಯದಕ್ಕೆ ಕ್ಲಾಕ್ ಮತ್ತು ಬ್ರಫ್. ನಾಲ್ಕಕ್ಕೆ ಬ್ಲೇಕ್‌ನ ಹತ್ತೂ ಅಧ್ಯಾಯ, ಐದಕ್ಕೆ ಉಳಿದದ್ದು. ಜೂನ್ ಮಧ್ಯದಲ್ಲಿ ಶುರುಮಾಡಿ ಹದಿನೈದು ದಿನಕ್ಕೊಮ್ಮೆ ಸೇರಿದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದೊಳಗೆ ಮುಗಿಯುತ್ತದೆ. ಬ್ಲೇಕ್‌ನ ಭಾಗವನ್ನು ಮಾತ್ರ ಅರ್ಧಕ್ಕೆ ತುಂಡು ಮಾಡಬೇಡಿ, ದೊಡ್ಡ ಗುಟ್ಟು ಅಲ್ಲೇ ಒಡೆಯುವುದು. ಅದಕ್ಕೆ ಮೊದಲು, ಅಂದರೆ ಮೂರನೇ ಸಭೆಯಲ್ಲೇ, ಪ್ರತಿಯೊಬ್ಬರೂ ತಮ್ಮ ಅನುಮಾನದ ಹೆಸರನ್ನೂ ಒಂದು ಕಾರಣವನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಆಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವವರ ಕಾಟ ಇರುವುದಿಲ್ಲ.

ಕೇಳುವವರು ತಪ್ಪಿಸಿಕೊಳ್ಳುವುದು ಮಾತಿನ ನಡುವೆ ಬರುವ ಸುಳಿವನ್ನು. ಬೆಟರೆಜ್ 12ರಲ್ಲಿ ಪತ್ತೇದಾರ ಕಫ್ ಬಾಗಿಲಿನ ಬಣ್ಣ ಅಳಿಸಿದ ಗುರುತನ್ನು ಹಿಡಿಯುತ್ತಾನೆ. ಬುಧವಾರ ಮಧ್ಯಾಹ್ನ ಮೂರಕ್ಕೆ ಮುಗಿದ ಬಣ್ಣ, ಒಣಗಲು 12 ಗಂಟೆ. ಹಾಗಿದ್ದರೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೆಲಸದ ಹೆಂಗಸರ ಲಂಗ ತಾಗಿ ಅಳಿಸಿತು ಎಂಬ ಸ್ಥಳೀಯ ಪೊಲೀಸ್ ಅಧಿಕಾರಿಯ ಮಾತು ನಿಲ್ಲುವುದಿಲ್ಲ. ತೋಟದ ಕಳೆ ಕಡಿಯುತ್ತಾ ಒಂದೂವರೆ ವೇಗದಲ್ಲಿ ಕೇಳಿದರೆ ಈ ಲೆಕ್ಕ ಕಿವಿಗೆ ಬೀಳುವುದೇ ಇಲ್ಲ. ಈ ಅಧ್ಯಾಯವನ್ನಾದರೂ ಮನೆಯಲ್ಲಿ ಕೂತು, ಮಾಮೂಲಿ ವೇಗದಲ್ಲಿ, ಪುಸ್ತಕ ಎದುರಿಟ್ಟುಕೊಂಡು ಕೇಳಿ.

ಆಡಿಯೋ ಪುಸ್ತಕಗಳ ಜಾಲತಾಣ ಲಿಬ್ರಿವಾಕ್ಸ್‌ನಲ್ಲಿ ಇದು ಉಚಿತ. ಪೂರ್ತಿ ಪಠ್ಯವಾದರೆ 20 ಗಂಟೆ ದಾಟುತ್ತದೆ. ಬೇರೆ ಕಡೆ ಆರೇಳು ಗಂಟೆಯದು ಸಿಕ್ಕರೆ ಅದು ಸಂಕ್ಷಿಪ್ತ, ಸುಳಿವುಗಳೇ ಕತ್ತರಿಸಿ ಹೋಗಿರುತ್ತವೆ. 64 ಕೆಬಿಪಿಎಸ್ ಫೈಲ್ ಗಂಟೆಗೆ ಸುಮಾರು 29 ಎಂಬಿ, ಒಟ್ಟು 600 ಎಂಬಿ ಮೇಲೆ. ಕರೆಂಟೂ ಟವರೂ ಹೋಗುವ ಮೊದಲು, ಮಳೆ ಹಿಡಿಯುವುದಕ್ಕೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಶೀಟಿನ ಮಾಡಿನ ಕೆಳಗೆ ಜುಲೈನಲ್ಲಿ ಸ್ಪೀಕರ್ ಪ್ರಯೋಜನವಿಲ್ಲ, ಇಯರ್‌ಫೋನೇ ಬೇಕು.

ಪುಸ್ತಕ ಕೊಂಡವರು ಮುನ್ನುಡಿಯನ್ನು ಕೊನೆಗೆ ಓದಿ. ಕಳ್ಳ ಯಾರೆಂದು ವಿದ್ವಾಂಸರು ಅಲ್ಲೇ ಹೇಳಿಬಿಡುವುದುಂಟು.

ಮುಂದಿನ ಸಲ ಅಗಾಥಾ ಕ್ರಿಸ್ಟಿ ಎಂದಿದ್ದೀರಿ. ಆಗ ಪುಸ್ತಕ ಕೊಳ್ಳಲೇಬೇಕು, ಪಿಡಿಎಫ್ ಹಂಚಬೇಡಿ. ಅವರು ತೀರಿಕೊಂಡದ್ದು 1976ರಲ್ಲಿ, ನಮ್ಮ ಕಾನೂನಿನಂತೆ ಹಕ್ಕು ಇನ್ನೂ 2036ರ ಕೊನೆಯವರೆಗೆ ಇದೆ.