ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಐದು ಹೊತ್ತಿನ ನಮಾಜ್ ಬಿಡುವುದಿಲ್ಲ, ಯಾಕೆ?

ಚಿಕ್ಕಮಗಳೂರು ಕಡೆ ಜನವರಿಯಲ್ಲಿ ಕಾಫಿ ಕೊಯ್ಲು ಎಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಅಷ್ಟರಲ್ಲೂ ಒಬ್ಬರು ಕಣದ ಮೂಲೆಯಲ್ಲಿ ಚಾಪೆ ಹಾಸಿ ನಿಲ್ಲುತ್ತಾರೆಂದರೆ ಕಾರಣ ಇದು: ಇಸ್ಲಾಮಿನ ಐದು ಸ್ತಂಭಗಳಲ್ಲಿ ಶಹಾದತ್ (ನಂಬಿಕೆಯ ಘೋಷಣೆ) ಬಿಟ್ಟರೆ ನಮಾಜೇ ಮುಂದು. ಉಪವಾಸ ವರ್ಷಕ್ಕೊಂದು ತಿಂಗಳು, ಹಜ್ ಶಕ್ತಿಯಿದ್ದವರಿಗೆ ಜೀವಮಾನಕ್ಕೊಮ್ಮೆ. ನಮಾಜ್ ಮಾತ್ರ ಬಡವ ಬಲ್ಲಿದ ಎನ್ನದೆ ದಿನಾಲೂ. ಅದು ಕೆಟ್ಟ ಕೆಲಸಗಳಿಂದ ತಡೆಯುತ್ತದೆ ಎನ್ನುತ್ತದೆ ಕುರ್‌ಆನ್ (29:45). ಹಣ್ಣಿನ ತೂಕದಲ್ಲಿ ಮೋಸ ಮಾಡಿ ಮಸೀದಿಯ ಮೊದಲ ಸಾಲಿನಲ್ಲಿ ನಿಂತರೆ ಏನು ಬಂತು ಎಂದು ಹಿರಿಯರು ಬೈಯುವುದು ಇದಕ್ಕೇ.

ನಮಾಜಿನಿಂದ ಕೊಯ್ಲಿನ ಕೆಲಸ ಕೆಡುತ್ತದೆ ಎನ್ನುವುದು ಅಷ್ಟು ಸರಿಯಲ್ಲ. ಕಡ್ಡಾಯ ಭಾಗ ಫಜ್ರ್ (ಬೆಳಗಿನ ಜಾವ) 2, ಝುಹರ್ (ಮಧ್ಯಾಹ್ನ) 4, ಅಸರ್ (ಸಂಜೆಗೆ ಮುಂಚೆ) 4, ಮಗ್ರಿಬ್ (ಸೂರ್ಯ ಮುಳುಗಿದ ಮೇಲೆ) 3, ಇಶಾ (ರಾತ್ರಿ) 4, ಒಟ್ಟು 17 ರಕಅತ್ (ನಿಂತು, ಬಾಗಿ, ನೆಲಕ್ಕೆ ಹಣೆ ಹಚ್ಚುವ ಒಂದು ಸುತ್ತು). ಒಂದು ಹೊತ್ತಿಗೆ ಹತ್ತು ನಿಮಿಷ ಧಾರಾಳ. ಝುಹರ್ ಊಟದ ಬಿಡುವಿನಲ್ಲೇ ಮುಗಿಯುತ್ತದೆ. ಹಣ್ಣು ತೂಗುವ ಗಲಾಟೆ ಬಂದು ಬೀಳುವುದು ಅಸರ್ ಮೇಲೆ. ಅದು ಶುರುವಾಗುವ ಹೊತ್ತೂ ಎಲ್ಲರಿಗೂ ಒಂದೇ ಅಲ್ಲ: ನೆರಳಿನ ಅಳತೆಯ ಲೆಕ್ಕದಲ್ಲಿ ಇಸ್ಲಾಮಿನ ಶಾಫಿ ಪದ್ಧತಿಯ ಬ್ಯಾರಿಗಳಿಗೆ (ಕರಾವಳಿ ಮೂಲದ ಮುಸ್ಲಿಮರು) ಬೇಗ, ಹನಫಿ ಪದ್ಧತಿಯವರಿಗೆ ತಡ. ಆದರೆ ಸೂರ್ಯ ಮುಳುಗುವವರೆಗೂ ಸಮಯ ಇದ್ದೇ ಇದೆ, ತೀರಾ ಕೊನೆಗೆ ತಳ್ಳಬಾರದು ಅಷ್ಟೆ. ನಿಜವಾಗಿ ಇಕ್ಕಟ್ಟು ಮಗ್ರಿಬ್‌ದು, ಅದರ ಅವಧಿ ಚಿಕ್ಕದು.

ರಿಯಾಯಿತಿಗಳೂ ಉಂಟು. ಕಾಯಿಲೆಯವರು ಕೂತೋ ಮಲಗಿಯೋ ಮಾಡಬಹುದು, ನೀರಿಲ್ಲದಿದ್ದರೆ ವುಝೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಬದಲು ತಯಮ್ಮುಮ್, ಅಂದರೆ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವುದು ಸಾಕು. ದೂರದ ಪ್ರಯಾಣದಲ್ಲಿ 4 ರಕಅತ್ 2 ಆಗುತ್ತದೆ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜ್ ಇಲ್ಲ, ಆಮೇಲೆ ತುಂಬಿಕೊಡಬೇಕಾಗಿಯೂ ಇಲ್ಲ. ನಿದ್ದೆಯಿಂದಲೋ ಮರೆತೋ ತಪ್ಪಿಹೋದರೆ ನೆನಪಾದ ಕೂಡಲೇ ಮಾಡಬೇಕು.